ನಮ್ಮ ಬೈಕು ಬಿಚ್ಚುವಾಗ ನಮ್ಮನ್ನೂ ಪಕ್ಕ ನಿಲ್ಲಿಸ್ಕೊಳ್ಳಿ: ಉತ್ತರ ಕನ್ನಡದ ಟೂ ವೀಲರ್ ಶೋರೂಮ್, ಸರ್ವಿಸ್ ಸೆಂಟರ್ ಮಾಲಕರಿಗೆ ಬಹಿರಂಗ ಪತ್ರ

ಗೆ,
ಕಾರವಾರದಿಂದ ಭಟ್ಕಳದ ತನಕ, ಕೆಳಗಿನ ಕುಮಟಾದಿಂದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರದ ತನಕ ಟೂ ವೀಲರ್ ಶೋರೂಮ್, ಸರ್ವಿಸ್ ಸೆಂಟರ್ ನಡೆಸ್ತಿರೋ ಎಲ್ಲಾ ಮಾಲಕರಿಗೆ, ಮ್ಯಾನೇಜರ್‌ಗಳಿಗೆ.

ಮಾನ್ಯರೇ,

ನಮಸ್ಕಾರ. ನಾನು ಶಿರಸಿ ಹತ್ರದ ಹಳ್ಳಿಯವಳು, ಕೆಲಸ ಕುಮಟಾ ಕಡೆ, ಓಡ್ಸೋದು 125 ಸಿಸಿ ಗೇರ್ ಬೈಕು. ಸ್ಕೂಟಿ ಅಲ್ಲ, ಬೈಕು, ಅದೂ ನಂದೇ, ಅಣ್ಣಂದಲ್ಲ. ಇದನ್ನ ಮೊದ್ಲೇ ಹೇಳಿಬಿಡ್ತೇನೆ ಯಾಕಂದ್ರೆ ನಿಮ್ಮ ಕೌಂಟರಿಗೆ ಬಂದಾಗೆಲ್ಲ ಇದನ್ನ ಎರಡೆರಡು ಸಲ ಹೇಳ್ಬೇಕಾಗ್ತದೆ. ಫ್ರೀ ಸರ್ವಿಸ್ ಎಲ್ಲ ಪುಸ್ತಕದಲ್ಲಿ ಬರೆದ ಹಾಗೆ ಕಂಪನಿ ಸರ್ವಿಸ್ ಸೆಂಟರಲ್ಲೇ ಮಾಡಿಸಿದ್ದೇನೆ, ಆಮೇಲೆ ಚೈನು, ಆಯಿಲು, ಬ್ರೇಕು, ಕೇಬಲ್ಲು, ಏರ್ ಫಿಲ್ಟರ್ ಇಷ್ಟನ್ನ ಮನೇಲೇ ನೋಡ್ಕೊಳ್ತೇನೆ, ಕೈಮೀರಿದ್ದಕ್ಕೆ ನಿಮ್ಮ ಹತ್ರ ಬರ್ತೇನೆ.

ನನ್ನ ದೂರು ಇಷ್ಟೇ, ಬಿಲ್ಲಲ್ಲಿ ಬರೆದ ಕೆಲಸ ಗಾಡೀಲಿ ಆಗಿರೋದಿಲ್ಲ, ಆಗ್ತಿದೆಯಾ ಅಂತ ನಿಂತು ನೋಡೋಕೂ ನೀವು ಬಿಡೋದಿಲ್ಲ. ಯಾವ ಶೋರೂಮಿನ ಹೆಸರನ್ನೂ ಇಲ್ಲಿ ಬರೀತಾ ಇಲ್ಲ. ಒಂದು ಅಂಗಡಿಯ ತಪ್ಪು ಆಗಿದ್ರೆ ಅಲ್ಲೇ ಮಾತಾಡಿ ಮುಗಿಸ್ತಿದ್ದೆ, ಇಲ್ಲಾಂದ್ರೆ ಗ್ರಾಹಕರ ಆಯೋಗ ಇದ್ದೇ ಇದೆ. ಆದ್ರೆ ಕಾರವಾರದ ಗೆಳತಿ ಹೇಳೋದೂ ಇದೇ ಕತೆ, ಹೊನ್ನಾವರದ ಮಾವನ ಮನೆಯವ್ರು ಹೇಳೋದೂ ಇದೇ, ಕಂಪನಿ ಬೇರೆ ಬೇರೆ ಅಷ್ಟೇ. ಹಾಗಾಗಿ ಎಲ್ಲರಿಗೂ ಸೇರಿಸಿ ಒಂದೇ ಪತ್ರ.

ನಡೆದಿದ್ದು ಇಷ್ಟು. ಹೋದ ವರ್ಷ ಮಳೆ ಮುಗಿದ ಮೇಲೆ ಗಾಡಿ ಪೇಡ್ ಸರ್ವಿಸಿಗೆ ಬಿಟ್ಟೆ. ಮನೇಲಿ ಆಗ ಅಡಿಕೆ ಕೊಯ್ಲಿನ ಗಡಿಬಿಡಿ, ಕೈ ಬಿಡುವಿರ್ಲಿಲ್ಲ. ಹಿಂದಿನ ಚಕ್ರ ಬಿಚ್ಚಿ ಡ್ರಮ್ (ಚಕ್ರದ ನಡುವಿನ ಬ್ರೇಕಿನ ಬಟ್ಟಲು) ಕ್ಲೀನ್ ಮಾಡಿ, ಅದರೊಳಗೆ ಉಜ್ಜಿ ಚಕ್ರ ನಿಲ್ಸೋ ಬ್ರೇಕ್ ಶೂ ಎಷ್ಟು ಉಳಿದಿದೆ ನೋಡಿ, ಶೂಗಳನ್ನ ಅಗಲಿಸೋ ಕ್ಯಾಮಿಗೆ ಗ್ರೀಸ್ ಹಚ್ಚಿ ಅಂತ ಜಾಬ್ ಕಾರ್ಡಲ್ಲಿ (ಮಾಡೋ ಕೆಲಸದ ಚೀಟೀಲಿ) ಬಾಯಿಬಿಟ್ಟು ಬರೆಸಿದೆ. ನನ್ನ ಗಾಡಿಯ ಹಿಂದಿನ ಆಕ್ಸಲ್ ನಟ್ಟಿನ ಮೇಲಿಂದ ಸ್ವಿಂಗ್ ಆರ್ಮ್ (ಹಿಂದಿನ ಚಕ್ರ ಹಿಡ್ಕೊಂಡಿರೋ ತೋಳು) ತನಕ ಕೆಂಪು ನೈಲ್ ಪಾಲಿಶಲ್ಲಿ ಒಂದು ಗೆರೆ ಎಳೆದಿಟ್ಟಿರ್ತೇನೆ, ನಟ್ಟು ಸಡಿಲ ಆದ್ರೆ ಗೆರೆ ತುಂಡಾಗಿ ಕಾಣ್ತದೆ, ಅದಕ್ಕೆ. ಸಂಜೆ ಹೋದ್ರೆ ಬಿಲ್ಲಲ್ಲಿ ಬ್ರೇಕ್ ಕ್ಲೀನಿಂಗ್, ಗ್ರೀಸಿಂಗ್, ಫ್ರಂಟ್ ಮತ್ತೆ ರೇರ್ ಅಂತ ದುಡ್ಡು ಹಾಕಿದ್ದಾರೆ. ಅಲ್ಲೇ ಕುಕ್ಕರಗಾಲಲ್ಲಿ ಕೂತು ನೋಡಿದೆ, ಗೆರೆ ಕೂದಲೆಳೆಯಷ್ಟೂ ಜರುಗಿಲ್ಲ. ನಟ್ಟು ಬಿಚ್ಚದೆ ಚಕ್ರ ಬರೋದಿಲ್ಲ, ಚಕ್ರ ಬರದೆ ಡ್ರಮ್ಮಿನ ಒಳಗೆ ಯಾರ ಕೈಯೂ ಹೋಗೋದಿಲ್ಲ. ಕೌಂಟರಲ್ಲಿ ಗಾಡಿ ಬರ್ಕೊಳ್ಳೋ ಸರ್ವಿಸ್ ಅಡ್ವೈಸರ್ ಹತ್ರ ಕೇಳಿದ್ರೆ, ಮೇಡಂ ಅದು ಹೊರಗಿಂದ್ಲೇ ಏರ್ ಹೊಡೆದು ಮಾಡ್ತಾರೆ ಅಂದ್ರು. ಗ್ರೀಸು? ಅದೂ ಹೊರಗಿಂದ್ಲೇ ಅಂತೆ. ಹೊರಗಿಂದ ಒಳಗೆ ಗ್ರೀಸ್ ಹಾಕೋ ವಿದ್ಯೆ ಯಾವ ಐಟಿಐಲಿ ಕಲಿಸ್ತಾರೋ ಎಂತೋ.

ಜೋರು ಮಾಡಿದ ಮೇಲೆ ಆ ದುಡ್ಡು ವಾಪಸ್ ಕೊಟ್ರು, ಅದನ್ನ ಮುಚ್ಚಿಡೋದಿಲ್ಲ. ಮಾರನೇ ಭಾನುವಾರ ಮನೇಲಿ ಬಿಚ್ಚಿದ್ರೆ ಡ್ರಮ್ ಒಳಗೆ ಕಪ್ಪು ಪುಡಿ ಗಟ್ಟಿಯಾಗಿ ಮೆತ್ತಿತ್ತು, ಶೂಗಳ ಮೇಲ್ಮೈ ಗಾಜಿನ ಥರ ಹೊಳೀತಿತ್ತು, ಕ್ಯಾಮ್ ಒಣಗಿ ತುಕ್ಕು ಹತ್ತೋಕೆ ಶುರುವಾಗಿತ್ತು. ಒದ್ದೆ ಬಟ್ಟೇಲಿ ಪುಡಿ ಒರೆಸಿದೆ (ಊದಬೇಡಿ, ಅದು ಶ್ವಾಸಕೋಶಕ್ಕೆ ಒಳ್ಳೇದಲ್ಲ), ಶೂಗಳನ್ನ ಮರಳು ಕಾಗದದಲ್ಲಿ ಸ್ವಲ್ಪ ಉಜ್ಜಿ ಹೊಳಪು ತೆಗೆದೆ, ಕ್ಯಾಮಿಗೆ ಒಂದು ಚೂರೇ ಚೂರು ಗ್ರೀಸು, ಶೂಗೆ ತಾಗದ ಹಾಗೆ. ಅಷ್ಟೇ ಕೆಲಸ. ಆಮೇಲೆ ಪೆಡಲ್ ಒತ್ತಿದ್ರೆ ಬೇರೆ ಗಾಡಿಯೇ ಅನ್ನೋ ಹಾಗಾಯ್ತು.

ಈ ಡ್ರಮ್ಮಿನ ಬಗ್ಗೆ ಎಂತಕ್ಕೆ ಇಷ್ಟುದ್ದ ಬರೀತಾಳೆ ಅಂತ ಬಯಲುಸೀಮೆಯವ್ರು ಕೇಳಿದ್ರೆ ಒಪ್ಪಬಹುದು, ನೀವು ಕೇಳೋ ಹಾಗಿಲ್ಲ. ರಾಗಿಹೊಸಳ್ಳಿ ದಾಟಿ ದೇವಿಮನೆ ಘಾಟಿ ಇಳಿಯೋವಾಗ ಎಂತಾಗ್ತದೆ ಅಂತ ನಿಮಗೆ ಗೊತ್ತು, ಯಲ್ಲಾಪುರದಿಂದ ಅರಬೈಲ್ ಘಾಟಿ, ಗೇರುಸೊಪ್ಪೆ ಘಾಟಿ, ಎಲ್ಲಾ ಕಡೆ ಅದೇ. ಮಂಜು, ಜಡಿಮಳೆ, ಎದುರಿಗೆ ಲಾರಿ, ತಿರುವಲ್ಲಿ ಕೆಮ್ಮಣ್ಣಿನ ರಾಡಿ. ಅಷ್ಟುದ್ದದ ಇಳಿಜಾರಲ್ಲಿ ಬ್ರೇಕ್ ಹಿಡ್ಕೊಂಡೇ ಬಂದ್ರೆ ಡ್ರಮ್ ಕಾದು ಹಿಡಿತ ಕಮ್ಮಿ ಆಗ್ತದೆ, ಮೊದ್ಲೇ ಶೂ ಹೊಳಪು ಹತ್ತಿ ಕೂತಿದ್ರೆ ಕೇಳೋದೇ ಬೇಡ. 2019ರ ಏಪ್ರಿಲ್‌ನಿಂದ 125 ಸಿಸಿ ತನಕದ ಹೊಸ ಗಾಡಿಗಳಿಗೆ ಕಂಬೈನ್ಡ್ ಬ್ರೇಕು ಕಡ್ಡಾಯ ಮಾಡಿದ್ದಾರೆ, ಹಿಂದಿನ ಪೆಡಲ್ ಒತ್ತಿದ್ರೆ ಮುಂದಿನ ಬ್ರೇಕೂ ಸ್ವಲ್ಪ ಹಿಡೀತದೆ. ಒಳ್ಳೇದೇ, ಆದ್ರೆ ಹಿಂದಿನ ಪೆಡಲ್ಲಿನ ಅಡ್ಜಸ್ಟ್‌ಮೆಂಟ್ ತಪ್ಪಿದ್ರೆ ಆ ಹೊಂದಾಣಿಕೆಯೂ ತಪ್ತದೆ. ಇನ್ನು ಡಿಸ್ಕ್ ಇದ್ದವ್ರ ಬ್ರೇಕ್ ಫ್ಲೂಯಿಡ್ ಗಾಳಿಯ ತೇವ ಹೀರ್ಕೊಳ್ಳೋ ಜಾತಿದು, ಎರಡು ವರ್ಷಕ್ಕೊಮ್ಮೆ ಬದಲಾಯ್ಸಿ ಅಂತ ಸಾಮಾನ್ಯವಾಗಿ ಪುಸ್ತಕದಲ್ಲೇ ಇರ್ತದೆ. ನಮ್ಮ ಕರಾವಳಿಯ ತೇವಕ್ಕೆ ಅದು ಎಷ್ಟು ಬೇಗ ಕೆಡ್ಬಹುದು ಯೋಚ್ನೆ ಮಾಡಿ. ತೇವ ಸೇರಿದ ಫ್ಲೂಯಿಡ್ ಘಾಟಿಯ ಬಿಸಿಗೆ ಬೇಗ ಕುದೀತದೆ, ಲಿವರ್ ಹಿಡಿದ್ರೆ ಹತ್ತಿ ಹಿಂಡಿದ ಹಾಗೆ ಒಳಗೆ ಹೋಗ್ತದೆ. ಸರ್ವಿಸಿಗೆ ಬಂದವ್ರ ಹತ್ರ ನೀವು ಪಾಲಿಶ್ ಬೇಕಾ, ಟೆಫ್ಲಾನ್ ಕೋಟಿಂಗ್ ಬೇಕಾ ಅಂತ ಕೇಳ್ತೀರಿ, ಫ್ಲೂಯಿಡ್ ಯಾವಾಗ ಬದಲಾಯ್ಸಿದ್ದು ಅಂತ ನನ್ನ ಹತ್ರ ಯಾರೂ ಕೇಳಿದ್ದಿಲ್ಲ.

ಹಂಗಂತ ಸವಾರರು ಸಾಚಾ ಅಂತ ಹೇಳ್ತಾ ಇಲ್ಲ. ಘಾಟಿ ಇಳಿಯೋವಾಗ ಪೆಟ್ರೋಲ್ ಉಳೀತದೆ ಅಂತ ಗಾಡಿ ನ್ಯೂಟ್ರಲ್ ಮಾಡಿ, ಕೆಲವ್ರು ಎಂಜಿನ್ನೇ ಬಂದ್ ಮಾಡಿ ಬಿಡ್ತಾರೆ, ನೋಡಿದ್ರೆ ಎದೆ ಧಸಕ್ ಅಂತದೆ. 2020ರ ಏಪ್ರಿಲ್‌ನಲ್ಲಿ ಹೊಗೆಯ ಹೊಸ ನಿಯಮ ಬಿಎಸ್ 6 ಬಂದ ಮೇಲಿನ ಹೆಚ್ಚಿನ ಗಾಡಿಗಳು ಫ್ಯೂಯಲ್ ಇಂಜೆಕ್ಷನ್‌ದು, ಗೇರಲ್ಲಿಟ್ಟು ಆಕ್ಸಿಲರೇಟರ್ ಪೂರ್ತಿ ಬಿಟ್ರೆ ಅವೇ ಪೆಟ್ರೋಲ್ ಕಟ್ ಮಾಡ್ತವೆ, ನ್ಯೂಟ್ರಲ್ಲಲ್ಲಿ ಎಂಜಿನ್ ಆನ್ ಇಟ್ರೆ ಉಲ್ಟಾ ಪೆಟ್ರೋಲ್ ಹೋಗ್ತಾ ಇರ್ತದೆ. ಎರಡನೇ, ಮೂರನೇ ಗೇರಲ್ಲಿ ಇಳಿದ್ರೆ ಎಂಜಿನ್ನೇ ಗಾಡೀನ ಹಿಡ್ಕೊಳ್ತದೆ, ಬ್ರೇಕಿಗೂ ಬಿಡುವು ಸಿಗ್ತದೆ. ಗಾಡಿ ಡೆಲಿವರಿ ಕೊಡೋವಾಗ ಹಾರ ಹಾಕಿ, ಕೇಕ್ ಕಟ್ ಮಾಡ್ಸಿ, ಫೋಟೋ ತೆಗೀತೀರಲ್ಲ, ಆಗ ಈ ಎರಡು ಮಾತು ಹೇಳಿದ್ರೆ ನಿಮ್ಮ ಗಂಟೇನು ಹೋಗ್ತದೆ?

ಈಗ ಮುಖ್ಯ ವಿಷಯಕ್ಕೆ ಬರ್ತೇನೆ. ಸರ್ವಿಸ್ ಮಾಡೋ ಜಾಗದ ಬಾಗಿಲಲ್ಲಿ ನೀವು ಒಂದು ಬೋರ್ಡ್ ಹಾಕ್ತೀರಿ, ಗ್ರಾಹಕರಿಗೆ ಪ್ರವೇಶವಿಲ್ಲ ಅಂತ. ಕೇಳಿದ್ರೆ ಸೇಫ್ಟಿ, ಇನ್ಶೂರೆನ್ಸ್, ಕಂಪನಿ ರೂಲ್ಸು. ಒಪ್ಪಿದೆ, ಎಲ್ಲರೂ ಒಳಗೆ ನುಗ್ಗಿದ್ರೆ ಕೆಲಸ ಆಗೋದಿಲ್ಲ. ಹಾಗಾದ್ರೆ ಒಂದು ಹಳದಿ ಗೆರೆ ಎಳೀರಿ, ಆ ಗೆರೆಯ ಈಚೆ ನಿಂತು ನಮ್ಮ ಗಾಡಿ ನಾವು ನೋಡ್ತೇವೆ. ಅದೂ ಆಗೋದಿಲ್ಲಾಂದ್ರೆ ಚಕ್ರ ಬಿಚ್ಚಿದಾಗ ಒಂದು ಸಲ ಕರೀರಿ, ಇದು ಶೂ, ಇಷ್ಟು ಉಳಿದಿದೆ, ಇನ್ನು ಮಳೆಗಾಲಕ್ಕೆ ಸಾಕು ಅಥವಾ ಸಾಲೋದಿಲ್ಲ ಅಂತ ತೋರ್ಸಿ. ಬದಲಾಯ್ಸಿದ ಹಳೇ ಪಾರ್ಟ್ ಕೇಳದೇನೇ ಕವರಲ್ಲಿ ಹಾಕಿ ಕೊಡಿ. ಈಗ ಎಂತಾಗ್ತಿದೆ ಅಂದ್ರೆ ಗಾಜಿನ ಆಚೆ ಎಸಿಲಿ ಕೂತು ಟಿವಿ ನೋಡಿ, ಒಂದು ಚಾ ಕುಡಿದು, ಬಿಲ್ ಕೊಟ್ಟು ಬರೋದು. ತೊಳೆದ ಗಾಡಿ ಹೊಳೀತಾ ಇರ್ತದೆ, ಎಲ್ಲರಿಗೂ ಖುಷಿ.

ಮೆಕ್ಯಾನಿಕ್ ಹುಡುಗರ ಮೇಲೆ ನನಗೆ ಸಿಟ್ಟಿಲ್ಲ, ಇದನ್ನ ಒತ್ತಿ ಹೇಳ್ತೇನೆ. ಒಬ್ಬೊಬ್ಬನ ತಲೆ ಮೇಲೆ ದಿನಕ್ಕೆ ಇಷ್ಟು ಗಾಡಿ ಮುಗಿಸ್ಬೇಕು ಅಂತ ಲೆಕ್ಕ ಹೇರಿರ್ತೀರಿ, ಚಕ್ರ ಬಿಚ್ಚಿ ಕೂತ್ರೆ ಅವನ ಲೆಕ್ಕ ತಪ್ತದೆ. ಅದಕ್ಕೇ ಎಲ್ಲದಕ್ಕೂ ನಟ್ಟು ಬೋಲ್ಟು ಬಿಗಿಯೋ ಇಂಪ್ಯಾಕ್ಟ್ ಗನ್ನು, ಟರ್ ಅಂತ ಹೊಡೆದು ಮುಂದಿನ ಗಾಡಿ. ಆಯಿಲ್ ಡ್ರೇನ್ ಬೋಲ್ಟು ಕಬ್ಬಿಣದ್ದು, ಅದು ಕೂರೋ ಎಂಜಿನ್ ಕೇಸು ಅಲ್ಯೂಮಿನಿಯಮ್ಮು, ಗನ್ನಲ್ಲಿ ಬಿಗಿದ್ರೆ ಥ್ರೆಡ್ ಹೋಗದೆ ಇನ್ನೇನಾಗ್ತದೆ. ನಮ್ಮ ಪಕ್ಕದ ಮನೆಯವ್ರ ಗಾಡಿದು ಹಾಗೇ ಹೋಯ್ತು, ಆಯಿಲ್ ಸೋರಿ ಸೋರಿ ಅಂಗಳ ಎಲ್ಲ ಕಲೆ, ಕೇಳಿದ್ರೆ ಗಾಡಿ ಹಳೇದಾಯ್ತು ಅಂದ್ರಂತೆ. ಬೇಕಾದಷ್ಟೇ ಬಿಗಿಯೋ ಒಂದು ಟಾರ್ಕ್ ರೆಂಚು, ಒಂದು ಹೊಸ ವಾಷರ್, ಎರಡು ನಿಮಿಷ ಜಾಸ್ತಿ. ಆ ಎರಡು ನಿಮಿಷವನ್ನ ಆ ಹುಡುಗನಿಗೆ ನೀವೇ ಕೊಡ್ಬೇಕು, ಅವನು ಎಲ್ಲಿಂದ ತರ್ತಾನೆ.

ಚೈನಿನದ್ದೂ ಇದೇ ಹಾಡು. ಸರ್ವಿಸ್ ಆಗಿ ಬಂದ ಗಾಡಿಯ ಚೈನ್ ಯಾವಾಗ ನೋಡಿದ್ರೂ ತಂತಿ ಬಿಗಿದ ಹಾಗೆ ಇರ್ತದೆ. ಸದ್ದು ಬರ್ತದೆ ಅಂತ ಗ್ರಾಹಕರು ಹೇಳಿದ್ರೆ ಬಿಗಿ ಮಾಡಿ ಕಳಿಸೋದು ಸುಲಭ. ಹೆಚ್ಚಿನ ಕಮ್ಯೂಟರ್ ಗಾಡಿಗಳಿಗೆ ಕೆಳಗಿನ ಚೈನ್ ನಡುವಲ್ಲಿ ಬೆರಳಲ್ಲಿ ಎತ್ತಿದ್ರೆ 25ರಿಂದ 30 ಮಿಲಿಮೀಟರ್ ಆಡ್ಬೇಕು, ನಿಖರ ಅಳತೆ ಆಯಾ ಗಾಡಿಯ ಪುಸ್ತಕದಲ್ಲೋ ಚೈನ್ ಹತ್ರದ ಸ್ಟಿಕ್ಕರಲ್ಲೋ ಇರ್ತದೆ. ಹಿಂದೆ ಒಬ್ಬರು ಕೂತು, ಮಧ್ಯ ಒಂದು ಹಿಂಡಿ ಚೀಲ ಇಟ್ಕೊಂಡು ಗುಂಡಿಗೆ ಇಳಿದ್ರೆ ಸ್ವಿಂಗ್ ಆರ್ಮ್ ಮೇಲೆದ್ದು ಚೈನ್ ಇನ್ನೂ ಬಿಗಿಯಾಗ್ತದೆ, ಆಗ ಹೊಡೆತ ಬೀಳೋದು ಬೇರಿಂಗಿಗೆ, ಗೇರ್ ಬಾಕ್ಸಿನ ಶಾಫ್ಟಿಗೆ. ಇನ್ನು ಚೈನ್ ಕ್ಲೀನ್ ಮನೇಲಿ ಮಾಡೋದಾದ್ರೆ ಹೆಂಗಸರು ಮಕ್ಕಳೂ ಮಾಡಬಹುದಾದ ಕೆಲಸ ಇದು, ತೆಂಗಿನ ಕರಟದಲ್ಲಿ ಸ್ವಲ್ಪ ಡೀಸೆಲ್ಲು (ಸೀಮೆಎಣ್ಣೆ ಈಗೆಲ್ಲಿ ಸಿಗ್ತದೆ), ಹಳೇ ಟೂತ್ ಬ್ರಶ್ಶು, ಆಮೇಲೆ ಒಣ ಬಟ್ಟೆ, ಕೊನೇಲಿ 90 ನಂಬರ್ ಗೇರ್ ಆಯಿಲ್ ಹನಿ ಹನಿ ಬಿಟ್ಟು ಹೆಚ್ಚಾದದ್ದನ್ನ ಒರೆಸೋದು. ಪೆಟ್ರೋಲ್ ಬೇಡ, ಓ ರಿಂಗ್ (ಕೊಂಡಿಗಳ ನಡುವಿನ ರಬ್ಬರ್ ಬಳೆ) ಇರೋ ಚೈನಿಗಂತೂ ಬೇಡವೇ ಬೇಡ. ಎಂಜಿನ್ ಆನ್ ಮಾಡಿ ಗೇರಲ್ಲಿಟ್ಟು ಚೈನ್ ಒರೆಸೋದನ್ನ ಮಾತ್ರ ಯಾರೂ ಮಾಡ್ಬಾರ್ದು, ಬಟ್ಟೆ ಸಿಕ್ಕಿ ಬೆರಳು ಸ್ಪ್ರಾಕೆಟ್ಟಿಗೆ ಹೋಗ್ತದೆ, ಚಕ್ರ ಕೈಯಲ್ಲೇ ತಿರುಗ್ಸಿ.

ಕೆಳಗೆ ಕಾರವಾರ, ಅಂಕೋಲಾ ಕಡೆಯವ್ರಿಗೆ ಇದರ ಮೇಲೆ ಉಪ್ಪಿನ ಕಾಟ ಬೇರೆ. ಬೈತಖೋಲ ಬಂದರಲ್ಲಿ ದಿನಾ ಗಾಡಿ ನಿಲ್ಸೋರ ಸ್ಪೋಕ್ಸು, ಸೈಲೆನ್ಸರ್, ಬ್ರೇಕ್ ಕೇಬಲ್ ನೋಡಿ, ಹೊಸ ಗಾಡಿಗೂ ಬೇಗ ತುಕ್ಕು. ಮೀನಿನ ನೀರು ಬಿದ್ರೆ ಇನ್ನೂ ಬೇಗ. ಸಿಹಿ ನೀರಲ್ಲಿ ತೊಳೀರಿ, ಪ್ರೆಶರ್ ಪೈಪನ್ನ ಚಕ್ರದ ಬೇರಿಂಗಿಗೆ ನೇರ ಹೊಡೀಬೇಡಿ, ಒಣಗಿದ ಮೇಲೆ ಕೇಬಲ್ ತುದಿಗೆ, ಸ್ಟ್ಯಾಂಡಿನ ಪಿವಟ್ಟಿಗೆ ಎಣ್ಣೆ ಬಿಡಿ, ಇಷ್ಟನ್ನ ಹೇಳೋಕೆ ಎಂತ ಖರ್ಚಿದೆ? ಕರಾವಳಿಯ ಗಾಡಿಗೂ ಬೆಂಗಳೂರಿನ ಗಾಡಿಗೂ ಒಂದೇ ಸರ್ವಿಸ್ ಚೆಕ್ ಲಿಸ್ಟು ಇಟ್ಕೊಂಡ್ರೆ ಹೇಗೆ.

ಸರಿ, ನಾವೇ ಮಾಡ್ಕೊಳ್ತೇವೆ ಅಂತ ಪಾರ್ಟ್ಸ್ ಕೌಂಟರಿಗೆ ಬಂದ್ರೆ ಅಲ್ಲಿ ಇನ್ನೊಂದು ರಗಳೆ. ಬ್ರೇಕ್ ಶೂ ಕೊಡಿ ಅಂದ್ರೆ ಗಾಡಿ ತನ್ನಿ ಹಾಕಿ ಕೊಡ್ತೇವೆ, ಲೂಸ್ ಕೊಡೋದಿಲ್ಲ. ಕ್ಲಚ್ ಕೇಬಲ್ ಸ್ಟಾಕ್ ಇಲ್ಲ, ಗಾಡಿ ಬಿಟ್ರೆ ತರಿಸ್ತೇವೆ. ಹೊರಗೆ ಮುಟ್ಟಿದ್ರೆ ವಾರಂಟಿ ಹೋಗ್ತದೆ. ಹೆದರಿಸೋದಕ್ಕೂ ಒಂದು ಮಿತಿ ಇದೆ. ವಾರಂಟಿ ಅವಧೀಲಿ ಶೆಡ್ಯೂಲ್ ಸರ್ವಿಸ್ ನಿಮ್ಮಲ್ಲೇ ಆಗ್ಬೇಕು ಅನ್ನೋದು ಪುಸ್ತಕದಲ್ಲಿದೆ, ಅದನ್ನ ಪಾಲಿಸಿದ್ದೇನೆ. ಸ್ವಂತ ಚೈನಿಗೆ ಎಣ್ಣೆ ಬಿಟ್ರೆ, ಏರ್ ಫಿಲ್ಟರ್ ಬದಲಾಯ್ಸಿದ್ರೆ ವಾರಂಟಿ ಹೋಗ್ತದೆ ಅಂತ ಎಲ್ಲಿ ಬರ್ದಿದೆ ತೋರ್ಸಿ ಅಂದ್ರೆ ಕೌಂಟರಿನವ್ರು ಕಂಪ್ಯೂಟರ್ ನೋಡ್ತಾರೆ. 2014ರಲ್ಲೇ ಭಾರತೀಯ ಸ್ಪರ್ಧಾ ಆಯೋಗ ಬಿಡಿಭಾಗವನ್ನ ಹೊರಗಿನವ್ರಿಗೆ ಸಿಗದ ಹಾಗೆ ಕಟ್ಟಿಟ್ಟಿದ್ದಕ್ಕೆ 14 ಕಾರು ಕಂಪನಿಗಳಿಗೆ ದಂಡ ಹಾಕಿತ್ತು. 2022ರ ಡಿಸೆಂಬರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ರೈಟ್ ಟು ರಿಪೇರಿ ಅಂತ ಪೋರ್ಟಲ್ಲೇ ಶುರು ಮಾಡಿದೆ, ಅದರ ವ್ಯಾಪ್ತೀಲಿ ವಾಹನಗಳೂ ಇವೆ. ಅಂದ್ರೆ ನಮ್ಮ ಗಾಡಿ ನಾವು ರಿಪೇರಿ ಮಾಡ್ಕೊಳ್ಳೋದು ಕಳ್ಳತನ ಏನಲ್ಲ, ಸರ್ಕಾರವೇ ಬನ್ನಿ ಅಂತಿದೆ.

ಕೌಂಟರಲ್ಲಿ ಒರಿಜಿನಲ್ ಸಿಗದಿದ್ರೆ ಜನ ಎಲ್ಲಿಗೆ ಹೋಗ್ತಾರೆ ಅಂತನೂ ಯೋಚ್ನೆ ಮಾಡಿ. ಪೇಟೇಲಿ ಸಿಗೋ ಯಾವುದೋ ಡೂಪ್ಲಿಕೇಟ್ ಬ್ರೇಕ್ ಶೂ ಹಾಕ್ತಾರೆ, ಕಾರಿನ ಎಂಜಿನ್ ಆಯಿಲ್ ಮನೇಲಿ ಉಳಿದಿದ್ದನ್ನ ಬೈಕಿಗೆ ಸುರೀತಾರೆ. ಹೆಚ್ಚಿನ ಬೈಕಲ್ಲಿ ಕ್ಲಚ್ ಎಂಜಿನ್ ಆಯಿಲಲ್ಲೇ ಮುಳುಗಿರ್ತದೆ, ಕಾರಿನ ಆಯಿಲಲ್ಲಿರೋ ಜಾರಿಸೋ ಅಂಶ ಕ್ಲಚ್ ಪ್ಲೇಟಿಗೆ ಹತ್ತಿದ್ರೆ ಘಾಟಿ ಹತ್ತೋವಾಗ ಎಂಜಿನ್ ಕೂಗ್ತದೆ, ಗಾಡಿ ಮುಂದೆ ಹೋಗೋದಿಲ್ಲ. ಡಬ್ಬದ ಮೇಲೆ ಬೈಕಿನ ಆಯಿಲ್ ಅನ್ನೋ ಗುರುತು ಜಾಸೋ ಎಂಎ ಅಥವಾ ಎಂಎ 2 ಅಂತ ಇದೆಯಾ ನೋಡಿ ಅಂತ ಒಂದು ಚೀಟಿ ಕೌಂಟರಲ್ಲಿ ಅಂಟಿಸಿದ್ರೂ ಸಾಕು.

ಇನ್ನು ಹೆಲ್ಮೆಟ್ಟು. ಗಾಡಿ ಮಾರೋವಾಗ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಮಾನದಂಡದ ಹೆಲ್ಮೆಟ್ ಕೊಡ್ಬೇಕು ಅಂತ ಕೇಂದ್ರ ಮೋಟಾರು ವಾಹನ ನಿಯಮ 138ರಲ್ಲೇ ಇದೆ. ನೀವು ಕೊಡ್ತೀರಿ, ಇಲ್ಲ ಅಂತಿಲ್ಲ, ಆದ್ರೆ ಎಲ್ಲರಿಗೂ ಒಂದೇ ಸೈಜು. ನನಗೆ ಕೊಟ್ಟಿದ್ದು ತಲೆ ಅಲ್ಲಾಡಿಸಿದ್ರೆ ಹೆಲ್ಮೆಟ್ ಒಂದು ಕಡೆ, ನಾನೊಂದು ಕಡೆ. ಚಿಕ್ಕದು ಕೊಡಿ ಅಂದಿದ್ದಕ್ಕೆ ಇದು ಫ್ರೀ ಮೇಡಂ, ಫ್ರೀದರಲ್ಲಿ ಸೈಜ್ ಬರೋದಿಲ್ಲ ಅಂದ್ರು. ಕಾನೂನು ಕೊಡು ಅಂದಿದ್ದನ್ನ ಫ್ರೀ ಅಂತ ಕರೆಯೋದೇ ತಮಾಷೆ. ಹಿಂದಿಂದ ಎತ್ತಿ ಮುಂದಕ್ಕೆ ತಳ್ಳಿದ್ರೆ ಕಳಚಿ ಬರೋ ಹೆಲ್ಮೆಟ್ಟು ಬಿದ್ದಾಗ ತಲೆ ಮೇಲೆ ಇರೋದೇ ಇಲ್ಲ. ಸ್ಟ್ರಾಪ್ ಹಾಕಿ ಈ ಪರೀಕ್ಷೆ ಶೋರೂಮಲ್ಲೇ ಮಾಡ್ಸಿ, ಎರಡು ಮೂರು ಸೈಜ್ ಇಟ್ಕೊಳ್ಳಿ, ಹಿಂದೆ ಕೂರೋರಿಗೆ ಬೇಕಾ ಅಂತನೂ ಕೇಳಿ, ದುಡ್ಡು ಕೊಟ್ಟೇ ತಗೊಳ್ತೇವೆ.

2021ರ ಜೂನ್ 1ರಿಂದ ಹೆಲ್ಮೆಟ್ಟಿನ ಮಾನದಂಡ ಐಎಸ್ 4151ರ ಐಎಸ್‌ಐ ಮಾರ್ಕ್ ಇಲ್ಲದ ಹೆಲ್ಮೆಟ್ ಮಾರೋದೇ ಕಾನೂನುಬಾಹಿರ. ಆದ್ರೂ ಹೈವೇ ಬದಿ ಕೊಡೆ ಕೆಳಗೆ ಟೋಪಿ ಥರದ್ದು ರಾಶಿ ಹಾಕಿ ಮಾರ್ತಿರ್ತಾರೆ, ಅದಕ್ಕೂ ಒಂದು ಐಎಸ್‌ಐ ಸ್ಟಿಕ್ಕರ್ ಅಂಟಿಸಿರ್ತಾರೆ. ನಾನು ಒಂದನ್ನ ಕೈಲಿ ಹಿಡಿದು ಬಕಲ್ ಎಳೆದೆ, ಪ್ಲಾಸ್ಟಿಕ್ ನಾಲಿಗೆ ಕಳಚಿ ಕೈಗೇ ಬಂತು, ಮಾರೋನು ಬೇರೆದು ತಗೊಳ್ಳಿ ಅಕ್ಕ ಅಂದ. ಮಾರ್ಕಿನ ಜತೆ ಸಿಎಂ/ಎಲ್ ಅಂತ ಒಂದು ಲೈಸೆನ್ಸ್ ನಂಬರ್ ಇರ್ಬೇಕು, ಬಿಐಎಸ್ ಕೇರ್ ಆ್ಯಪಲ್ಲಿ ಹಾಕಿದ್ರೆ ಅದು ಯಾವ ಕಂಪನಿದು ಅಂತ ಬರ್ತದೆ. ಜನ ಅದನ್ನ ತಗೊಳ್ಳೋದು 500 ರೂಪಾಯಿ ದಂಡ ತಪ್ಸೋಕೆ, ಇದನ್ನ ಬದಲಾಯ್ಸೋಕೆ ನಿಮ್ಮಷ್ಟು ಒಳ್ಳೇ ಜಾಗದಲ್ಲಿ ಬೇರೆ ಯಾರೂ ಇಲ್ಲ, ಗಾಡಿ ತಗೊಳ್ಳೋ ದಿನ ಇಡೀ ಮನೆಯೇ ನಿಮ್ಮ ಎದುರು ಕೂತಿರ್ತದೆ. ಮಕ್ಕಳ ಸೈಜಂತೂ ಶಿರಸೀಲಿ ನಾನು ಹುಡುಕಿದಲ್ಲಿ ಸಿಗ್ಲಿಲ್ಲ. ನಾಲ್ಕು ವರ್ಷ ದಾಟಿದ ಮಕ್ಕಳಿಗೂ ಹೆಲ್ಮೆಟ್ ಕಡ್ಡಾಯ, ಅದಕ್ಕಿಂತ ಸಣ್ಣವ್ರಿಗೆ ಹಾರ್ನೆಸ್ಸು, ಹೆಲ್ಮೆಟ್ಟು, ಗಾಡಿ ವೇಗ 40 ಕಿಲೋಮೀಟರ್ ಮೀರ್ಬಾರ್ದು ಅಂತ 2023ರ ಫೆಬ್ರವರಿಯಿಂದ ನಿಯಮ ಇದೆ. ಟ್ಯಾಂಕಿನ ಮೇಲೆ ಬರಿತಲೆ ಮಗುವನ್ನ ಕೂರ್ಸಿ ಶಾಲೆಗೆ ಬಿಡೋರನ್ನ ಬೈದು ಪ್ರಯೋಜನ ಇಲ್ಲ, ಅಂಗಡೀಲಿ ಆ ಸಾಮಾನು ಸಿಗ್ಬೇಕಲ್ಲ ಮೊದ್ಲು.

ರೈಡಿಂಗ್ ಗೇರ್, ಅಂದ್ರೆ ಸವಾರರ ಮೈ ಕಾಯೋ ಸಾಮಾನಿನ ವಿಷಯ ಬೇಗ ಮುಗಿಸ್ತೇನೆ. ನಿಮ್ಮ ಆಕ್ಸೆಸರಿ ಗೋಡೆ ಮೇಲೆ ಕ್ರೋಮ್ ಗಾರ್ಡು, ಸೀಟ್ ಕವರು, ಸ್ಟಿಕ್ಕರು, ಹಾರ್ನು ಎಲ್ಲ ಇದೆ, ಒಂದು ಜೊತೆ ಗ್ಲೌಸ್ ಇಲ್ಲ, ಮಂಡಿ ಗಾರ್ಡ್ ಇಲ್ಲ. ಆನ್‌ಲೈನಲ್ಲಿ ಅಂದಾಜಿನ ಮೇಲೆ ತರಿಸ್ಬೇಕು, ಸೈಜ್ ಆಗದಿದ್ರೆ ನಮ್ಮ ಹಳ್ಳಿಗೆ ರಿಟರ್ನ್ ಪಿಕಪ್ ಬರೋದಿಲ್ಲ. ಯುರೋಪಿನ ಸುರಕ್ಷತಾ ಮಾನದಂಡ ಇಎನ್ 1621-1 ಅಂತ ಬರೆದ ಮೊಣಕೈ, ಮಂಡಿ ಪ್ಯಾಡು, ಸೆಕೆಗೆ ಗಾಳಿಯಾಡೋ ಮೆಶ್ ಜಾಕೆಟ್ಟು, ಇಷ್ಟು ಇಡಿ, ತಗೊಳ್ಳೋರು ಇದ್ದೇವೆ. ರೇನ್ ಕೋಟ್ ಯಾಕೆ ಎಲ್ಲವೂ ಕಪ್ಪು? ಸಂಜೆ ಆರಕ್ಕೆ ಘಾಟಿ ಮಂಜಲ್ಲಿ ಕಪ್ಪು ಕೋಟಿನ ಸವಾರ ಲಾರಿಯವನಿಗೆ ಕಾಣೋದೇ ಇಲ್ಲ, ಹೊಳೆಯೋ ಪಟ್ಟಿ ಇರೋದು ತರ್ಸಿ. ಕೊಪ್ಪೆ ಥರ ಮೇಲಿಂದ ಹೊದೆಯೋದು ಗದ್ದೆಗೆ ಚಂದ, ಬೈಕಲ್ಲಿ ಅದರ ಅಂಚು ಚೈನಿಗೆ ಹೋಗ್ತದೆ. ಸೀರೆ ಗಾರ್ಡನ್ನ ಚಂದ ಕಾಣೋದಿಲ್ಲ ಅಂತ ಬಿಚ್ಚಿ ಕೊಡೋದನ್ನೂ ನಿಲ್ಲಿಸಿ, ಅದು ಅದೇ ಕೇಂದ್ರ ಮೋಟಾರು ವಾಹನ ನಿಯಮ 123ರಲ್ಲಿದೆ, ನಮ್ಮ ದುಪಟ್ಟಾ ಚಕ್ರಕ್ಕೆ ಸಿಕ್ಕದ ಹಾಗೆ ಇರೋದು.

ಇಷ್ಟೆಲ್ಲ ಯಾಕೆ ಹೇಳ್ತೇನಂದ್ರೆ ಈ ಜಿಲ್ಲೇಲಿ ಬಿದ್ದ ಮೇಲೆ ಮಾಡೋ ಉಪಾಯ ಕಮ್ಮಿ. ತಲೆಗೆ ದೊಡ್ಡ ಪೆಟ್ಟಾದ್ರೆ ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಕಾರವಾರದವ್ರಾದ್ರೆ ಗೋವಾದ ಬಾಂಬೋಳಿ. ಶಿರಸಿಯಿಂದ ಹುಬ್ಬಳ್ಳಿಗೇ ಸುಮಾರು 100 ಕಿಲೋಮೀಟರ್. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು, ಆಸ್ಪತ್ರೆ ಇಲ್ದಿದ್ರೆ ಓಟಿಲ್ಲ ಅಂತ 2022ರಲ್ಲಿ ಇಡೀ ಜಿಲ್ಲೆಯೇ ಕೂಗಿದ್ದು ನಿಮಗೂ ನೆನಪಿರ್ತದೆ, ನಿಮ್ಮಲ್ಲೂ ಎಷ್ಟೋ ಜನ ಸ್ಟೇಟಸ್ ಹಾಕಿದ್ರಿ. ರಸ್ತೆಯೂ ನಮ್ಮ ಕೈಲಿಲ್ಲ, 2024ರ ಜುಲೈ 16ಕ್ಕೆ ಅಂಕೋಲಾ ಹತ್ರದ ಶಿರೂರಲ್ಲಿ ಗುಡ್ಡವೇ ಹೆದ್ದಾರಿ ಮೇಲೆ ಬಂತು, ಆಗಸ್ಟ್ 7ಕ್ಕೆ ಕಾಳಿ ನದಿಯ ಹಳೇ ಸೇತುವೆ ಬಿತ್ತು. ಬ್ರೇಕು, ಟೈರು, ಹೆಲ್ಮೆಟ್ಟು ಇವಷ್ಟಾದ್ರೂ ನಮ್ಮ ಮತ್ತು ನಿಮ್ಮ ಕೈಲಿರೋದು.

ಒಂದು ಮಾತು ಕೌಂಟರಿನ ಬಗ್ಗೆ. ಗಾಡಿ ನನ್ನ ಹೆಸರಲ್ಲಿದೆ, ಆರ್‌ಸಿ ನಂದು, ಲೈಸೆನ್ಸ್ ನಂದು, ಆದ್ರೆ ಜತೆಗೆ ಅಣ್ಣ ಬಂದಿದ್ರೆ ನಿಮ್ಮ ಅಡ್ವೈಸರ್ ಕಂಪ್ಲೇಂಟ್ ಏನು ಅಂತ ಕೇಳೋದು ಅವನ ಹತ್ರ. ಅವನಿಗೆ ಸ್ಪಾರ್ಕ್ ಪ್ಲಗ್ ಎಲ್ಲಿದೆ ಅಂತ ಗೊತ್ತಿಲ್ಲ ಪಾಪ, ನನ್ನ ಮುಖ ನೋಡ್ತಾನೆ. ನಾನು ಚೈನ್ ಸ್ಲ್ಯಾಕ್ (ಸಡಿಲ) ಎಷ್ಟು ಇಟ್ರಿ ಅಂತ ಕೇಳಿದ್ರೆ ನಗ್ತಾರೆ. ಆಶಾ ಕಾರ್ಯಕರ್ತೆಯರು, ಟೀಚರುಗಳು, ಬ್ಯಾಂಕಿನವ್ರು, ಡೈರಿಗೆ ಹಾಲು ಹಾಕೋರು, ಈ ಜಿಲ್ಲೇಲಿ ಎಷ್ಟೊಂದು ಹೆಂಗಸರು ದಿನಾ ಗಾಡಿ ಮೇಲಿದ್ದಾರೆ, ನಿಮ್ಮ ಸಿಬ್ಬಂದಿಗೆ ಇದೊಂದನ್ನ ದಯವಿಟ್ಟು ಕೂರ್ಸಿ ಹೇಳಿ.

ಹಳೇ ಆಯಿಲ್ ವಿಚಾರದಲ್ಲಿ ನಮಗೆ ನಿಮ್ಮ ಸಹಾಯ ಬೇಕು. ಮನೇಲಿ ಬದಲಾಯ್ಸಿದ ಆಯಿಲನ್ನ ಜನ ಬೇಲಿ ಗೂಟಕ್ಕೆ ಬಳೀತಾರೆ, ಉಳಿದದ್ದು ಗಟಾರಕ್ಕೆ. ತೋಟದ ಮನೆಗಳಲ್ಲಿ ಬಾವಿ ಎಲ್ಲ ತಗ್ಗಿನಲ್ಲೇ ಇರೋದು, ಚೆಲ್ಲಿದ್ದು ಎಲ್ಲಿಗೆ ಹೋಗ್ತದೆ ಅಂತ ಬಿಡಿಸಿ ಹೇಳ್ಬೇಕಾಗಿಲ್ಲ. ಬಳಸಿದ ಆಯಿಲ್ 2016ರ ನಿಯಮಗಳ ಪ್ರಕಾರ ಅಪಾಯಕಾರಿ ತ್ಯಾಜ್ಯ, ನೀವು ಡ್ರಮ್ಮಲ್ಲಿ ತುಂಬಿಟ್ಟು ಅಧಿಕೃತ ರೀಸೈಕಲ್‌ನವ್ರಿಗೆ ಕೊಡ್ಬೇಕು. ಅದೇ ಡ್ರಮ್ಮಿಗೆ ನಮ್ಮ ಒಂದು ಬಾಟ್ಲಿಯನ್ನೂ ಸುರಿಯೋಕೆ ಬಿಡಿ, ದುಡ್ಡೇನೂ ಬೇಡ.

ಕೊನೇದಾಗಿ ಕೇಳೋದು ಇದು. ಮೇ ತಿಂಗಳ ಒಂದು ಭಾನುವಾರ, ಮಳೆ ಹಿಡಿಯೋ ಮೊದ್ಲು, ನಿಮ್ಮ ಅಂಗಳದಲ್ಲಿ ಅರ್ಧ ದಿನ ಜಾಗ ಕೊಡಿ, ಒಬ್ಬ ಅನುಭವ ಇರೋ ಮೆಕ್ಯಾನಿಕ್‌ನ ಕೂರ್ಸಿ, ಅವರ ಅರ್ಧ ದಿನದ ಸಂಬಳ ನಾವೇ ಒಟ್ಟು ಮಾಡಿ ಕೊಡ್ತೇವೆ. ಚೈನ್ ಸಡಿಲ ಅಳೆಯೋದು, ಬ್ರೇಕ್ ಪ್ಯಾನಲ್ ಮೇಲಿನ ಬಾಣದ ಗುರುತು ನೋಡಿ ಶೂ ಸವೆದಿದೆಯಾ ತಿಳಿಯೋದು, ಟೈರಿನ ಸೈಡಲ್ಲಿರೋ ನಾಲ್ಕಂಕಿಯಿಂದ ಅದು ಯಾವ ವಾರ, ಯಾವ ವರ್ಷ ತಯಾರಾದದ್ದು ಅಂತ ಓದೋದು, ಟ್ಯೂಬ್‌ಲೆಸ್ ಪಂಕ್ಚರ್ ಹಾಕೋದು. ಪ್ರೆಶರ್ ತಣ್ಣಗಿರೋವಾಗ್ಲೇ ನೋಡ್ಬೇಕು ಅನ್ನೋದೂ ಎಷ್ಟೋ ಜನಕ್ಕೆ ಗೊತ್ತಿಲ್ಲ. ಜತೆಗೆ ಕಂಪನಿಯವ್ರಿಗೆ ಬರೆದು ಓನರ್ಸ್ ಮ್ಯಾನ್ಯುಯಲ್ಲನ್ನ ಕನ್ನಡದಲ್ಲಿ ತರ್ಸಿ, ಇಂಗ್ಲಿಷ್ ಹಿಂದಿ ಪುಸ್ತಕ ನಮ್ಮಮ್ಮನ ಹಪ್ಪಳದ ಡಬ್ಬದ ಕೆಳಗೆ ಸೇರಿದೆ.

ನಿಮ್ಮ ವ್ಯಾಪಾರ ಕಮ್ಮಿ ಆಗ್ತದೆ ಅನ್ನೋ ಹೆದರಿಕೆ ಇದ್ರೆ, ನನ್ನ ಲೆಕ್ಕದಲ್ಲಿ ಹಾಗಾಗೋದಿಲ್ಲ. ಶೂ ಸವೆದದ್ದು ಗೊತ್ತಾದವ್ರು ಶೂ ತಗೊಳ್ಳೋಕೆ ನಿಮ್ಮಲ್ಲಿಗೇ ಬರ್ತಾರೆ, ಕೌಂಟರಲ್ಲಿ ಕೊಟ್ರೆ. ಈ ಪತ್ರ ಓದಿ ಯಾರಾದ್ರೂ ಒಬ್ಬ ಮಾಲಕರು ಭಾನುವಾರ ಯಾವ್ದು ಅಂತ ಶೋರೂಮ್ ಬಾಗಿಲಿಗೆ ಒಂದು ಬೋರ್ಡ್ ಹಾಕಿದ್ರೆ ಡೀಸೆಲ್ಲು, ಬ್ರಶ್ಶು, ಹಳೇ ಬಟ್ಟೆ ನಾವೇ ತರ್ತೇವೆ, ಮಧ್ಯಾಹ್ನದ ಊಟಕ್ಕೂ ನಮ್ಮ ಕಡೆಯಿಂದ ವ್ಯವಸ್ಥೆ ಆಗ್ತದೆ.

ಇಂತಿ,
ಕೆಎ 31 ನೋಂದಣಿಯ ಒಬ್ಬಳು ಬೈಕ್ ಸವಾರಳು,
ಶಿರಸಿ ತಾಲೂಕು